ಕಸದ ಗುಡ್ಡದ ಜ್ವರ ನೋಡುವವಳು

ಊರಾಚೆಯ ಹಳೆಯ ಕಸದ ಗುಡ್ಡದೊಳಗೆ ಕಣ್ಣಿಗೆ ಕಾಣದಂತೆ ಉರಿಯುವ ಬೆಂಕಿಯನ್ನು ಪತ್ತೆ ಹಚ್ಚಿ ಆರಿಸುವ ಎಂಜಿನಿಯರು ನಾನು. ಮನೆ ತ್ಯಾಗರಾಜನಗರ. ಈ ಕೆಲಸದ ವಿಷಯ ಎಲ್ಲಿ ಬಾಯಿಬಿಟ್ಟರೂ ಒಂದಲ್ಲ ಒಂದು ಎಡವಟ್ಟು ಆಗಿಯೇ ತೀರುತ್ತದೆ. ಆಗಲಿ ಬಿಡಿ. ಗುಡ್ಡದ ಬುಡದಲ್ಲೊಂದು ಸರ್ಕಾರಿ ಶಾಲೆಯಿದೆ. ಮೊದಲೆಲ್ಲ ಹೊಗೆ ಎದ್ದರೆ ಶಾಲೆಗೆ ರಜೆ. ನಮ್ಮ ತಂಡ ಬಂದ ಮೇಲೆ ಒಂದು ದಿನವೂ ರಜೆ ಸಿಕ್ಕಿಲ್ಲ. ಮಕ್ಕಳಿಗೆ ನನ್ನ ಮೇಲೆ ಕೋಪ, ನನಗೆ ಮಾತ್ರ ಜಂಬವೋ ಜಂಬ.

ಆರದಂಗಾ, ಹತ್ತದಂಗಾ

ಗಾಂಧಿ ಬಜಾರಿನಲ್ಲಿ ಹೂವಿನ ಅಮ್ಮ ಮೊಳ ಹಾಕುತ್ತ ಕೇಳಿದರು, "ಏನ್ ಕೆಲಸ ಮಾಡ್ತೀರವ್ವ?"

"ಕಸದ ಗುಡ್ಡದಲ್ಲಿ ಬೆಂಕಿ ನೋಡ್ಕೊಳ್ತೀನಮ್ಮ."

"ಆರದಂಗಾ?"

"ಅಯ್ಯೋ, ಹತ್ತದಂಗೆ!"

"ಅದಕ್ಕೂ ಸಂಬಳ ಕೊಡ್ತಾರಾ? ನಮ್ಮನೆ ಸೌದೆ ಒಲೆ ಪುಕ್ಕಟೆನೇ ಹತ್ತಲ್ಲ."

ಹೊಗಳಿಕೆ

ಗುಡ್ಡದ ಬಿರುಕುಗಳಿಗೆಲ್ಲ ಮಣ್ಣು ಮುಚ್ಚಿ, ಒಳಗೆ ಗಾಳಿಯಾಡದಂತೆ ಮಾಡಿದ ಫೋಟೋವನ್ನು ಟ್ಯಾಂಕರ್ ಡ್ರೈವರುಗಳೂ ಇರುವ ನಮ್ಮ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ. ಕೆಲಸ ಅಚ್ಚುಕಟ್ಟಾಗಿತ್ತು, ನಾನೇ ಹೇಳಬೇಕು. ಹೊಸದಾಗಿ ಸೇರಿದ ಎಂಜಿನಿಯರ್ ಮೆಚ್ಚಿ ಬರೆದ: "ಬೆಂಕಿ ಮೇಡಂ!!"

ಅರ್ಧ ಗಂಟೆಯಲ್ಲಿ ಎರಡು ನೀರಿನ ಟ್ಯಾಂಕರ್ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದವು.

"ಬೆಂಕಿ ಇಲ್ಲಪ್ಪ, ಅದು ಹೊಗಳಿದ್ದು" ಎಂದೆ.

ಡ್ರೈವರ್ ಪೈಪು ಕೆಳಗಿಡಲೇ ಇಲ್ಲ. "ಹೊಗಳಿದ್ದು ಯಾರು ಮೇಡಂ? ಸ್ವಲ್ಪ ಈ ಕಡೆ ಬರಕ್ಕೆ ಹೇಳಿ."

ಅಜ್ಜಿ

ನಮ್ಮ ಗುಡ್ಡಕ್ಕೆ ಮೇಸ್ತ್ರಿ ಇಟ್ಟ ಹೆಸರು ಅಜ್ಜಿ. ಒಳಗೆ ಇಳಿಬಿಟ್ಟ ಪೈಪುಗಳಲ್ಲಿ ದಿನಾ ಶಾಖ ಅಳೆಯುತ್ತೇವೆ. ಅದೇ ಅಜ್ಜಿಯ ಜ್ವರ. ಬಿರುಕಿನ ಬಾಯಿಗೆ ನೀರು ಬಿಟ್ಟರೆ ಒಳಗೆ ಗಾಳಿಗೂ ದಾರಿಯಾಗಿ ಜ್ವರ ಏರುತ್ತದೆ, ಮಣ್ಣು ಮುಚ್ಚುವುದೇ ಮದ್ದು.

ಒಂದು ದಿನ ಶಾಲೆಯಲ್ಲಿ ಹತ್ತನೇ ತರಗತಿಯ ಪರೀಕ್ಷೆ. ಬೆಳಿಗ್ಗೆ ಕಲಾಸಿಪಾಳ್ಯದಲ್ಲಿ ಬಸ್ಸು ಹತ್ತಿ ಕೂತಿದ್ದೇನೆ, ಮೇಸ್ತ್ರಿಯ ಫೋನು. ಹೊಗೆ ಎದ್ದರೆ ಮಕ್ಕಳು ಬರೆಯುವುದು ಹೇಗೆ? ಗಾಬರಿಯಲ್ಲಿ ಕೂಗಿಯೇ ಮಾತಾಡಿದೆ.

"ಅಜ್ಜಿಗೆ ಜ್ವರ ಏರ್ತಾನೇ ಇದೆಯಾ? ಹಾಗಾದ್ರೆ ನನಗೆ ಕಾಯ್ಬೇಡಿ, ಈಗ್ಲೇ ಮಣ್ಣು ಹಾಕ್ಬಿಡಿ. ಉಸಿರಾಡಕ್ಕೆ ಒಂದು ತೂತೂ ಬಿಡ್ಬೇಡಿ. ಬಾಯಿಗೆ ನೀರು ಬಿಡ್ಲೇಬೇಡಿ! ಮೇಲೆ ಜೆಸಿಬಿ ಹತ್ತಿಸಿ, ಚೆನ್ನಾಗಿ ತುಳಿಸಿ."

ಫೋನಿಟ್ಟು ನೋಡಿದರೆ ಪಕ್ಕದ ಸೀಟು ಖಾಲಿ. ಅಲ್ಲಿದ್ದ ಹಿರಿಯರು ಡ್ರೈವರ್ ಹಿಂದೆ ನಿಂತು, ನನ್ನನ್ನೇ ನೋಡುತ್ತ ಯಾರಿಗೋ ಫೋನು ಮಾಡುತ್ತಿದ್ದರು.

ನಾನು ಇಳಿಯುವ ಸ್ಟಾಪಿನಲ್ಲಿ ಪೊಲೀಸಿನವರೊಬ್ಬರು ಕಾದಿದ್ದರು. "ಅಜ್ಜಿ ಎಲ್ಲಮ್ಮ?"

"ಬನ್ನಿ, ತೋರಿಸ್ತೀನಿ" ಎಂದು ಗುಡ್ಡ ಹತ್ತಿಸಿದೆ. ದಾರಿಯುದ್ದಕ್ಕೂ ವಿವರಿಸಿದೆ. ಅವರು ಪುಸ್ತಕ, ಪೆನ್ನು ಕೈಯಲ್ಲಿ ಹಿಡಿದೇ ಹತ್ತಿದರು. ಮೇಲೆ ಮೈಯೆಲ್ಲ ಮಣ್ಣಾದ ಮೇಸ್ತ್ರಿ ಹಲ್ಲು ಬಿಟ್ಟರು: "ಮುಚ್ಚಾಯ್ತು ಮೇಡಂ. ಒಂದೆಳೆ ಹೊಗೆನೂ ಬರ್ತಿಲ್ಲ."

ಅಷ್ಟರಲ್ಲಿ ಕೆಳಗೆ ಶಾಲೆಯಲ್ಲಿ ಪರೀಕ್ಷೆಯ ಗಂಟೆ ಹೊಡೆಯಿತು. ನನ್ನ ತಂಡದ ಮೇಲೆ ಎಷ್ಟು ಹೆಮ್ಮೆ ಉಕ್ಕಿತೆಂದರೆ, ಅಲ್ಲೇ ನಿಂತು ಅತ್ತುಬಿಟ್ಟೆ.

ಪೊಲೀಸಿನವರು ಮಣ್ಣು ಮುಚ್ಚಿದ ಗುಡ್ಡವನ್ನೊಮ್ಮೆ ನೋಡಿ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. "ಅಳ್ಬೇಡಿ ಮೇಡಂ" ಎಂದರು, "ಸಹಜ ಸಾವು ಅಂತಾನೇ ಬರ್ಕೊಳ್ತೀನಿ."