ಪುಟ್ಟ ಉಪವಾಸನ ಹಸಿವಿನ ಪ್ರಮಾಣಪತ್ರ

ಕಷ್ಟಪಡದೆ ರ‍್ಯಾಪ್ ಹಾಡುವುದು ಮೆಂಫಿಸ್ ನಗರದಲ್ಲಿ ನಿಯಮಬಾಹಿರ. ಕಷ್ಟವಿಲ್ಲದವರು ಬಾಯಿಯನ್ನೇ ತೆರೆಯಬಾರದೆಂದು ಯಾರೂ ಹೇಳಿಲ್ಲ. ಅವರು ಪ್ರೇಮಗೀತೆ, ಭಕ್ತಿಗೀತೆ, ಹಾಸಿಗೆ ಅಂಗಡಿಯ ಜಾಹೀರಾತು, ಏನನ್ನಾದರೂ ಹಾಡಬಹುದು. ಆದರೆ ‘ನಾನು’ ಎಂದು ಶುರುಮಾಡಿ ಸ್ವಂತ ಕಷ್ಟವನ್ನು ಪ್ರಾಸಬದ್ಧವಾಗಿ ಹೇಳಿಕೊಳ್ಳುವವರು ರ‍್ಯಾಪ್ ಕಷ್ಟ ದೃಢೀಕರಣ ಕಚೇರಿಯಿಂದ ಪ್ರಮಾಣಪತ್ರ ಪಡೆದಿರತಕ್ಕದ್ದು.

ಈ ನಿಯಮ ಸುಮ್ಮನೆ ಬಂದದ್ದಲ್ಲ. ಏಳು ವರ್ಷದ ಹಿಂದೆ ಒಬ್ಬ ಗಾಯಕ ತನ್ನ ಜೈಲುವಾಸವನ್ನು ಹಾಡಿ ಊರನ್ನೇ ಅಳಿಸಿದ್ದ. ಆಮೇಲೆ ನೋಡಿದರೆ ಅವನು ಜೈಲಿಗೆ ಹೋಗಿದ್ದು ಒಂದೇ ಸಲ, ಅದೂ ಚರ್ಚಿನ ಮಕ್ಕಳ ಜೊತೆ ಕ್ರಿಸ್‌ಮಸ್ ಹಾಡು ಹೇಳಲು. ಅತ್ತವರು ತಮ್ಮ ಕಣ್ಣೀರನ್ನು ವಾಪಸು ಕೇಳಿದರು. ಅದಕ್ಕೆ ವ್ಯವಸ್ಥೆ ಇಲ್ಲದ್ದರಿಂದ ಕಚೇರಿ ತೆರೆಯಲಾಯಿತು.

ಕಷ್ಟದಲ್ಲಿ ಮೂರು ದರ್ಜೆ. ಗುಂಡೇಟು ಒಂದನೆಯದು, ಗಾಯದ ಗುರುತನ್ನು ಖುದ್ದಾಗಿ ಹಾಜರುಪಡಿಸಬೇಕು. ಜೈಲು ಎರಡನೆಯದು. ಹಸಿವು ಮೂರನೆಯದು. ನಮ್ಮ ಪಕ್ಕದ ಮನೆಯ ಲವೆಲ್ ಪೆಟ್ಟಿಗ್ರೂ ಮೂರನೆಯದಕ್ಕೆ ಅರ್ಜಿ ಹಾಕಿದ. ಇಂಜೆಕ್ಷನ್ ಸೂಜಿ ಕಂಡರೇ ಅವನಿಗೆ ತಲೆ ಸುತ್ತುತ್ತದೆ, ಗುಂಡಿನ ಮಾತು ದೂರವೇ ಉಳಿಯಿತು.

ಲವೆಲ್‌ಗೆ ಆಗ ವಯಸ್ಸು ಇಪ್ಪತ್ತನಾಲ್ಕು, ತೂಕ ಇನ್ನೂರ ಅರವತ್ತು ಪೌಂಡು, ವೇದಿಕೆಯ ಮೇಲಿನ ಹೆಸರು ‘ಪುಟ್ಟ ಉಪವಾಸ’. ಎಂಟನೇ ವಯಸ್ಸಿನಿಂದ ನನ್ನ ಕಬ್ಬಿಣದ ಗೇಟು ಬಡಿದು ತಾಳ ಕಲಿತವನು. ಆ ಗೇಟು ಇವತ್ತಿಗೂ ಸರಿಯಾಗಿ ಮುಚ್ಚುವುದಿಲ್ಲ. ಅವನ ಮೊದಲ ಆಲ್ಬಂ ‘ಖಾಲಿ ತಟ್ಟೆ’ ಸಿದ್ಧವಾಗಿತ್ತು. ಶುಕ್ರವಾರ ಸಂಜೆ ಐದರೊಳಗೆ ಪ್ರಮಾಣಪತ್ರ ತಲುಪದಿದ್ದರೆ ಕಂಪನಿಯವರು ಅವನ ಜಾಗವನ್ನು ಕಾಲಿಗೆ ಗುಂಡು ತಗುಲಿದ ಇನ್ನೊಬ್ಬನಿಗೆ ಕೊಡುವವರಿದ್ದರು. ಆ ಇನ್ನೊಬ್ಬನ ಕಾಗದಪತ್ರಗಳು ಬಹಳ ಚೊಕ್ಕವಾಗಿದ್ದವಂತೆ.

ಅಡ್ಡಿ ಇದ್ದದ್ದು ಒಂದೇ, ಅವನ ತಾಯಿ, ಬೀದಿಯವರೆಲ್ಲ ಗೌರವದಿಂದ ಮಿಸ್ ಅರ್ನೆಸ್ಟೀನ್ ಎಂದು ಕರೆಯುವಾಕೆ. ಒಂಬತ್ತನೇ ನಮೂನೆಯಲ್ಲಿ ತಾಯಿಯ ಘೋಷಣೆ ಬೇಕು: ‘ನನ್ನ ಒಲೆ ತಣ್ಣಗಿತ್ತೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.’ ಕೆಳಗೆ ಸಹಿ.

ಮಿಸ್ ಅರ್ನೆಸ್ಟೀನ್ ಮೂವತ್ತೊಂದು ವರ್ಷದಿಂದ ಚರ್ಚಿನ ಅಡುಗೆಮನೆಯ ಮುಖ್ಯಸ್ಥೆ. ನಮ್ಮ ಬೀದಿಯಲ್ಲಿ ಯಾರಾದರೂ ಸತ್ತರೆ ಆ ಮನೆಗೆ ಶವಪೆಟ್ಟಿಗೆಗಿಂತ ಮೊದಲು ತಲುಪುವುದು ಆಕೆಯ ಕೋಳಿ. ಗ್ಯಾಸ್ ಮೀಟರ್ ನೋಡಲು ಬಂದವನೂ ಆಕೆಯ ಹೊಸಿಲಿನಿಂದ ಬರಿಗೈಯಲ್ಲಿ ಇಳಿದದ್ದಿಲ್ಲ. ಕೈಯಲ್ಲಿ ಬೆಳ್ಳಿಕಾಗದ ಮುಚ್ಚಿದ ತಟ್ಟೆ ಇದ್ದೇ ಇರುತ್ತದೆ.

ಹಾಡು ಕೇಳಲು ನನ್ನನ್ನೂ ಕರೆದಿದ್ದರು. ಲವೆಲ್ ಕಣ್ಣು ಮುಚ್ಚಿಕೊಂಡು ಹಾಡಿದ:

ಅಮ್ಮನ ಒಲೆ ತಣ್ಣಗಿತ್ತು, ನನ್ನ ಹೊಟ್ಟೆ ಉರೀತಿತ್ತು,
ಖಾಲಿ ತಟ್ಟೆ ನೆಕ್ಕಿ ನೆಕ್ಕಿ ಅದರ ಹೂವೇ ಅಳಿಸಿಹೋಯ್ತು.

“ತಣ್ಣಗಿತ್ತಾ?” ಎಂದರು ಮಿಸ್ ಅರ್ನೆಸ್ಟೀನ್. “ಯಾವತ್ತು? ತಾರೀಕು ಹೇಳು.”

“ಅಮ್ಮಾ, ಅದು ಕಲೆ.”

“ಕಲೆ ನಿನ್ನ ಅಂಗಿ ಮೇಲಿದೆ ನೋಡು, ಈಗ ತಾನೇ ತಿಂದ ಸಾಸಿಂದು. ತಟ್ಟೆ ಹೂವು ಅಳಿಸಿದ್ದು ನಿಜ, ನಾಲ್ಕನೇ ಸಲ ಬಡಿಸಿಕೊಂಡು ನೆಕ್ಕಿದ್ದಕ್ಕೆ. ಅದನ್ನ ಹಾಡು.”

“ಅದನ್ನ ಹಾಡಿದ್ರೆ ಯಾರಮ್ಮಾ ಅಳ್ತಾರೆ? ಒಂದು ಸಹಿ. ನಿನ್ನ ಕಾಲಿಗೆ ಬೀಳ್ತೀನಿ.”

“ಬಿದ್ರೆ ಏಳಿಸೋರು ಯಾರು? ನಿಂಗೆ ಹೊಟ್ಟೆಗೆ ಹಾಕಿಲ್ಲ ಅಂತ ನಾನೇ ಬರ್ಕೊಟ್ಟು, ಭಾನುವಾರ ಯಾವ ಮುಖ ಹೊತ್ತು ಚರ್ಚಿಗೆ ಹೋಗ್ಲಿ?”

ಮೂರು ದಿನ ಮಾತುಕತೆ ನಡೆದು ಒಂದು ಒಪ್ಪಂದವಾಯಿತು. ಆಕೆ ಸಹಿ ಹಾಕುವುದಿಲ್ಲ. ಆದರೆ ಗುರುವಾರ ಪರಿಶೀಲಕರು ಬಂದಾಗ ಸುಮ್ಮನೆ ಕೂರುತ್ತಾರೆ. ಮನೆಯಲ್ಲಿದ್ದ ಆಹಾರವನ್ನೆಲ್ಲ ನನ್ನ ಮನೆಗೆ ಸಾಗಿಸಲಾಯಿತು. ನನ್ನ ಫ್ರಿಜ್ಜಿನಲ್ಲಿ ನನ್ನ ಮೊಸರಿಗೇ ಜಾಗವಿಲ್ಲದಂತಾಯಿತು.

ಹಿರಿಯ ಹಸಿವು ಪರಿಶೀಲಕರಾದ ಕ್ಲಿಯೋಟಿಸ್ ಬ್ಯಾನ್‌ಫೀಲ್ಡ್ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಬಂದರು. ಸಣಕಲು ದೇಹ, ಎದೆಯ ಜೇಬಿನಲ್ಲಿ ಮೂರು ಪೆನ್ನು. ಫ್ರಿಜ್ಜು ತೆರೆದರು. ಖಾರದ ಸಾಸಿನ ಒಂದು ಬಾಟಲಿ. “ಚೆನ್ನಾಗಿದೆ,” ಎಂದು ಬರೆದುಕೊಂಡರು. ಆಮೇಲೆ ಗೋಡೆ ನೋಡಿದರು. ಚರ್ಚಿನ ಕಡುಬು ತಿನ್ನುವ ಸ್ಪರ್ಧೆಯಲ್ಲಿ ಗೆದ್ದ ದಪ್ಪ ಹುಡುಗನೊಬ್ಬನ ಫೋಟೋ ಅಲ್ಲಿತ್ತು. ಅದನ್ನು ತೆಗೆಯಲು ನಾವೆಲ್ಲರೂ ಮರೆತಿದ್ದೆವು.

“ಇದ್ಯಾರು?”

“ನಮ್ಮ ಚಿಕ್ಕಪ್ಪನ ಮಗ ಸಾರ್,” ಎಂದ ಲವೆಲ್.

“ಅಂಗಿ ಮೇಲೆ ಲವೆಲ್ ಅಂತ ಬರೆದಿದೆ.”

“ನನ್ನ ಅಂಗಿ ಇಸ್ಕೊಂಡಿದ್ದ ಸಾರ್. ಅವನೂ ಬಡವ.”

ಬ್ಯಾನ್‌ಫೀಲ್ಡ್ ತಂದೆಯ ಕಡೆ ತಿರುಗಿದರು. ನಿವೃತ್ತ ಪೋಸ್ಟ್‌ಮ್ಯಾನ್ ಓಡೆಲ್ ಸುಳ್ಳು ಹೇಳಿದವರಲ್ಲ, ಮಾತನ್ನೂ ಹೆಚ್ಚು ಆಡಿದವರಲ್ಲ.

“ಮಗ ಹಸಿದಿದ್ದನ್ನ ನೋಡಿದ್ದೀರಾ?”

“ನೋಡಿದ್ದೀನಿ. ಪ್ರತಿ ಜನವರಿ ನಮ್ಮ ಪಾದ್ರಿಗಳು ಇಪ್ಪತ್ತೊಂದು ದಿನ ಮಾಂಸ, ಸಿಹಿ ಬಿಡಿಸ್ತಾರೆ. ಒಂದ್ಸಲ ಇವನೂ ಬಿಟ್ಟಿದ್ದ.”

“ಎಷ್ಟು ದಿನ?”

ಓಡೆಲ್ ಬೆರಳು ಮಡಿಸಿ ಲೆಕ್ಕ ಹಾಕಿದರು. “ಬೆಳಿಗ್ಗೆ ಹತ್ತೂವರೆವರೆಗೂ.”

ಆಗ ಕೋಣೆಯಲ್ಲಿ ಒಂದು ಶಬ್ದವಾಯಿತು. ದೂರದಲ್ಲಿ ಲಾರಿ ಏರು ಹತ್ತುವಂಥ ಶಬ್ದ. ಅದು ಬಂದದ್ದು ಹಿರಿಯ ಹಸಿವು ಪರಿಶೀಲಕರ ಹೊಟ್ಟೆಯಿಂದ.

ಮಿಸ್ ಅರ್ನೆಸ್ಟೀನ್ ತಲೆಯೆತ್ತಿದರು. “ಊಟ ಆಗಿದೆಯಾ ನಿಮ್ದು?”

“ನಾನು ಕರ್ತವ್ಯದ ಮೇಲಿದ್ದೀನಿ, ಮೇಡಂ.”

“ನಾನು ಕೇಳಿದ್ದು ಅದಲ್ಲ.”

“ಆಗಿಲ್ಲ.”

“ಅಮ್ಮಾ, ಬೇಡ,” ಎಂದ ಲವೆಲ್. “ದಮ್ಮಯ್ಯ. ನಾಳೆ ಐದು ಗಂಟೆವರೆಗೆ ತಡ್ಕೋ.”

ಆಕೆ ಮಗನನ್ನು ನೋಡಿದರು, ನಮೂನೆಯನ್ನು ನೋಡಿದರು, ಪರಿಶೀಲಕರ ಸಡಿಲವಾದ ಬೆಲ್ಟನ್ನು ನೋಡಿದರು. “ನನ್ನ ಮನೆಗೆ ಬಂದೋರು ಹಸ್ಕೊಂಡು ಎದ್ದು ಹೋಗ್ತಾರಾ? ಆಗಲ್ಲ ಮರಿ. ನನ್ನಿಂದ ಆಗಲ್ಲ.” ನನ್ನ ಕಡೆ ತಿರುಗಿ ಗದರಿದರು, “ನೀವೇನು ನೋಡ್ತಾ ಕೂತಿದ್ದೀರಿ? ತನ್ನಿ!”

ನಾನು ನಾಲ್ಕು ಸಲ ಓಡಾಡಿದೆ. ಕರಿದ ಮೀನು, ಬೇಯಿಸಿದ ಸೊಪ್ಪು, ಚೀಸ್ ಸುರಿದ ಮೆಕರೋನಿ, ಮುಸುಕಿನ ಜೋಳದ ಬ್ರೆಡ್ಡು, ಪೀಚ್ ಹಣ್ಣಿನ ಕಾಬ್ಲರ್ ಎಂಬ ಸಿಹಿ. ಲವೆಲ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಎರಡನೇ ತಟ್ಟೆಗೆ ಬ್ಯಾನ್‌ಫೀಲ್ಡ್ ಕೋಟು ಬಿಚ್ಚಿದರು. ಕಾಬ್ಲರ್ ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಅರ್ಜಿದಾರರೇ, ಈ ಮನೆ ಬಿಟ್ಟು ಎಲ್ಲಾದ್ರೂ ಇದ್ದಿದ್ದುಂಟಾ?”

“ಅಟ್ಲಾಂಟಾದಲ್ಲಿ ಸಾರ್, ರೆಕಾರ್ಡಿಂಗಿಗೆ ಅಂತ. ಹನ್ನೊಂದು ವಾರ.”

“ಏನು ತಿಂತಿದ್ರಿ?”

“ಪೆಟ್ರೋಲ್ ಬಂಕಿನ ಸ್ಯಾಂಡ್‌ವಿಚ್ಚು.”

ಬ್ಯಾನ್‌ಫೀಲ್ಡ್ ಚಮಚ ಕೆಳಗಿಟ್ಟರು. “ಇದನ್ನ ತಿಂದು ಬೆಳೆದು, ಆಮೇಲೆ ಅದನ್ನ? ಹನ್ನೊಂದು ವಾರ? ದೇವರೇ. ಇಷ್ಟು ವರ್ಷದ ಸೇವೆಯಲ್ಲಿ ಇಂಥ ಕಷ್ಟ ನಾನು ಕೇಳಿಲ್ಲ.”

ಒಂಬತ್ತನೇ ನಮೂನೆಯ ಮೇಲೆ ಅಡ್ಡಗೆರೆ ಎಳೆದು, ಅಲ್ಲೇ ಕೂತು ಆದೇಶ ಬರೆದರು:

‘ಅರ್ಜಿದಾರನ ತಾಯಿಯ ಒಲೆಯು ಯಾವ ಕಾಲದಲ್ಲಿಯೂ ತಣ್ಣಗಿರಲಿಲ್ಲವೆಂಬುದನ್ನು ಪರಿಶೀಲಕರು ಸ್ವತಃ ತಿಂದು ಖಚಿತಪಡಿಸಿಕೊಂಡಿರುತ್ತಾರೆ. ಸದರಿ ಒಲೆಯಿಂದ ದೂರವಿರುವುದನ್ನು ಒಂದನೇ ದರ್ಜೆಯ ಕಷ್ಟವೆಂದು ಪರಿಗಣಿಸಿ ಪ್ರಮಾಣಪತ್ರ ನೀಡಲಾಗಿದೆ. ಷರತ್ತು: ಪ್ರಮಾಣಪತ್ರವು ಜಾರಿಯಲ್ಲಿರುವವರೆಗೆ ಅರ್ಜಿದಾರನು ಸದರಿ ಒಲೆಯ ಯಾವುದೇ ಪದಾರ್ಥವನ್ನು ಸೇವಿಸತಕ್ಕದ್ದಲ್ಲ. ಪ್ರತಿ ಭಾನುವಾರ ಸ್ಥಳ ಪರಿಶೀಲನೆ ಇರುತ್ತದೆ.’

ಎಲ್ಲರೂ ಕುಣಿದರು. ನಾನೂ ನನ್ನ ಮಂಡಿಗೆ ಸಾಧ್ಯವಾದಷ್ಟು ಕುಣಿದೆ. ಮಿಸ್ ಅರ್ನೆಸ್ಟೀನ್ ಮೊದಲ ವಾಕ್ಯ ಓದಿಯೇ ಅತ್ತು, ಒಂದು ಪ್ರತಿಗೆ ಚೌಕಟ್ಟು ಹಾಕಿಸಿದರು. ಷರತ್ತಿನ ಭಾಗವನ್ನು ನಾವು ಓದಿದ್ದು ಭಾನುವಾರ. ಆಕೆ ಅಭ್ಯಾಸಬಲದಿಂದ ಲವೆಲ್ ಮುಂದೆ ತಟ್ಟೆ ಇಟ್ಟಾಗ, ಬ್ಯಾನ್‌ಫೀಲ್ಡ್ ಅದನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು “ಮುಟ್ಟುಗೋಲು” ಎಂದ ಮೇಲೆ.

ಇದಾಗಿ ಎರಡು ವರ್ಷ. ‘ಖಾಲಿ ತಟ್ಟೆ’ ಚೆನ್ನಾಗಿಯೇ ಹೋಯಿತು. ಎರಡನೆಯ ಆಲ್ಬಂ ‘ತುಂಬಿದ ತಟ್ಟೆ’ ದೇಶವನ್ನೇ ಹಿಡಿದು ಅಲ್ಲಾಡಿಸಿತು. ಅಮ್ಮನ ಮೆಕರೋನಿಯ ಮೇಲಿನ ಹಾಡಿಗೆ ಇಪ್ಪತ್ತು ಸಾವಿರ ಜನ ಒಟ್ಟಿಗೆ ಅಳುತ್ತಾರೆ. ಕಣ್ಣೀರನ್ನು ಈವರೆಗೆ ಯಾರೂ ವಾಪಸು ಕೇಳಿಲ್ಲ. ಲವೆಲ್‌ನ ತೂಕ ಈಗ ನೂರ ಐವತ್ತೆಂಟು ಪೌಂಡು. ಬ್ಯಾನ್‌ಫೀಲ್ಡರದು ಇನ್ನೂರ ನಲವತ್ತೇಳು.

ಹೋದ ತಿಂಗಳು ತಾಯಿ ಕೇಳಿಯೇಬಿಟ್ಟರು, “ಆ ಕಾಗದ ಬಿಸಾಡೋ ಮರಿ. ಒಂದು ತುಂಡು ತಿನ್ನು.”

“ತಿಂದ್ರೆ ಮೂರನೇ ಆಲ್ಬಂನಲ್ಲಿ ಏನಮ್ಮಾ ಹಾಡ್ಲಿ?”

ಆಕೆ ಸೊಪ್ಪು ತಿರುವಲು ಒಳಗೆ ಹೋದರು.

ಕಚೇರಿ ಕಲ್ಲುಮನಸ್ಸಿನದೇನಲ್ಲ. ಲವೆಲ್ ಮನವಿ ಸಲ್ಲಿಸಿದ ಮೇಲೆ ಒಂದು ಸುತ್ತೋಲೆ ಬಂತು: ವಾಸನೆಯು ಪದಾರ್ಥವಲ್ಲ, ಬಾಯಿ ಮುಚ್ಚಿಕೊಂಡಿದ್ದಲ್ಲಿ ಅನುಮತಿಸಬಹುದು. ಹಾಗಾಗಿ ಪ್ರತಿ ಭಾನುವಾರ ಚರ್ಚು ಬಿಟ್ಟ ಮೇಲೆ ಲವೆಲ್ ಬಿಳಿ ಸೂಟಿನಲ್ಲಿ ಅಡುಗೆಮನೆಯ ಕಿಟಕಿಯ ಕೆಳಗೆ ಬಂದು ನಿಲ್ಲುತ್ತಾನೆ. ಮಿಸ್ ಅರ್ನೆಸ್ಟೀನ್ ಬಾಣಲೆಯನ್ನು ಕಿಟಕಿಯ ಹತ್ತಿರಕ್ಕೆ ಎಳೆದು, ಚರ್ಚಿನ ಕಾಗದದ ಬೀಸಣಿಗೆಯಿಂದ ಹಬೆಯನ್ನು ಹೊರಗೆ, ಅವನ ಮುಖಕ್ಕೆ ಬೀಸುತ್ತಾರೆ. ಕೈ ಸೋತರೆ ಇನ್ನೊಂದು ಕೈಗೆ ಬದಲಾಯಿಸುತ್ತಾರೆ, ನಿಲ್ಲಿಸುವುದಿಲ್ಲ. ಒಳಗಿನಿಂದ ಬ್ಯಾನ್‌ಫೀಲ್ಡ್ “ಇನ್ನೊಂದು ತುಂಡು ಪರಿಶೀಲನೆ ಬಾಕಿ ಇದೆ” ಎನ್ನುವುದು ಕೇಳಿಸುತ್ತದೆ.

ನನ್ನ ಗೇಟಿನ ಬಳಿ ನಿಂತು ನಾನು ದಿನವೂ ಎಲ್ಲರನ್ನೂ ಕೇಳುವಂತೆಯೇ ಕೇಳುತ್ತೇನೆ, “ಊಟ ಆಯ್ತಾ ಲವೆಲ್?”

ಬಾಯಿ ತೆರೆಯುವಂತಿಲ್ಲ. ಅವನು ಕಣ್ಣು ಮುಚ್ಚಿಕೊಂಡೇ ಕೈಯೆತ್ತಿ, ಆಗ್ತಾ ಇದೆ, ಎಂದು ಸನ್ನೆ ಮಾಡುತ್ತಾನೆ.