ನಾಲ್ಕು ಗುಂಡಿಯ ರಿಮೋಟೂ ನಮ್ಮ ಮಾವನವರೂ

ನಮ್ಮ ಮಾವನವರು ನನ್ನ ಮನೆಗೆ ಬರುವಾಗ ಸ್ಕ್ರೂ ಡ್ರೈವರನ್ನು ತಾವೇ ತರುತ್ತಾರೆ. ಹಣ್ಣು ತರುವುದನ್ನು ಮರೆತರೂ ಅದನ್ನು ಮರೆಯುವುದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವರೇ, ಕೂರುವ ಮೊದಲೇ, ಏನೇನು ಕೆಟ್ಟಿದೆಯಮ್ಮಾ ಎಂದು ಮಗಳನ್ನು ಕೇಳುತ್ತಾರೆ. ಕೇಳುವುದು ಮಗಳನ್ನು, ನೋಡುವುದು ಮಾತ್ರ ನನ್ನನ್ನು. ಕೆಟ್ಟ ಸಾಮಾನುಗಳ ಪಟ್ಟಿಯಲ್ಲಿ ನನ್ನದೇ ಮೊದಲ ಹೆಸರೇನೋ ಎನ್ನುವ ಹಾಗೆ.

ಅವರು ಗಡಿಯಾರ ರಿಪೇರಿಯವರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ ಈಗಲೂ ದಾರದಲ್ಲಿ ಕೊರಳಿಗೆ ನೇತಾಡುತ್ತಿರುತ್ತದೆ. ನಾನಾದರೋ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ವಿದ್ಯುತ್ತು, ಕಾಂತ, ತರಂಗ ಇವೆಲ್ಲ ನನ್ನ ಬೆರಳ ತುದಿಯಲ್ಲಿವೆ (ಸೀಮೆಸುಣ್ಣ ಹಿಡಿದಾಗ ಮಾತ್ರ ಎಂದು ನನ್ನವಳು ಸೇರಿಸುತ್ತಾಳೆ). ಮದುವೆಯಾದ ಹೊಸತರಲ್ಲಿ, ಹೊಸ ಅಳಿಯನ ಹುರುಪಿನಲ್ಲಿ, ಮಾವನ ಮನೆಯ ಗೋಡೆ ಗಡಿಯಾರಕ್ಕೆ ಕೀ ಕೊಡಲು ಹೋಗಿದ್ದೆ. ಒಂದು ಸುತ್ತು ಹೆಚ್ಚಾಯಿತು. ಒಳಗಿನ ಸ್ಪ್ರಿಂಗು ಟಣ್ಣೆಂದು ಹಾರಿ ಅತ್ತೆಯವರ ಕಾಫಿ ಲೋಟದಲ್ಲಿ ಬಿತ್ತು. ಅಂದಿನಿಂದ ಇಪ್ಪತ್ತೆರಡು ವರ್ಷ ಮಾವನವರು ನನ್ನ ಕೈಗೆ ಸ್ಕ್ರೂ ಇರುವ ಯಾವ ವಸ್ತುವನ್ನೂ ಕೊಟ್ಟಿರಲಿಲ್ಲ. ನಾನು ಹತ್ತಿರ ಸುಳಿದರೆ ಕೈಗಡಿಯಾರವಿರುವ ಎಡಗೈಯನ್ನು ಮೆಲ್ಲಗೆ ಜೇಬಿಗಿಳಿಸುತ್ತಿದ್ದರು.

ಈ ಅವಮಾನವನ್ನು ಒಂದೇ ಏಟಿಗೆ ತೊಳೆದುಹಾಕುವ ಉಪಾಯ ನನಗೆ ಹೊಳೆದದ್ದು ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ. ಬಲ್ಬು ತರಲು ಹೋದವನು ವೈರ್‌ಲೆಸ್ ರಿಮೋಟಿನ ಸೆಟ್ಟು ತಂದೆ. ಬೆಂಕಿಪೊಟ್ಟಣದಷ್ಟು ದೊಡ್ಡ ನಾಲ್ಕು ಬಿಳಿ ಡಬ್ಬಿಗಳು, ನಾಲ್ಕು ಗುಂಡಿಯ ಒಂದು ರಿಮೋಟು, ಒಂದು ಕೈಪಿಡಿ. ಡಬ್ಬಿಗಳನ್ನು ಸ್ವಿಚ್ ಬೋರ್ಡಿನೊಳಗೆ ಜೋಡಿಸಿಬಿಟ್ಟರೆ ಸಾಕು, ಕೂತಲ್ಲೇ ಗುಂಡಿ ಒತ್ತಿ ದೀಪ, ಫ್ಯಾನು ಎಲ್ಲವನ್ನೂ ಆಡಿಸಬಹುದು. ನಮ್ಮ ಮನೆಗೆ ಹೇಳಿ ಮಾಡಿಸಿದ ಸಾಮಾನು. ಏಕೆಂದರೆ ನಮ್ಮ ಮನೆ ಕಟ್ಟಿದ ಮಹಾನುಭಾವ ಹಾಲಿನ ಅಷ್ಟೂ ಸ್ವಿಚ್ಚುಗಳನ್ನು ಹಾಲಿನಲ್ಲಿ ಇಡದೆ, ಅಡುಗೆಮನೆಗೆ ಹೋಗುವ ಓಣಿಯಲ್ಲಿ, ಪರದೆಯ ಆಚೆ ಇಟ್ಟಿದ್ದಾನೆ.

ಬುಧವಾರ ಸಂಜೆ ಮೇನ್ ಸ್ವಿಚ್ ಆರಿಸಿ ಕೆಲಸಕ್ಕೆ ಕೂತೆ. ನನ್ನವಳು ಓಣಿಯ ಬಾಗಿಲಲ್ಲಿ ಟಾರ್ಚು ಹಿಡಿದು ನಿಂತಳು. ನಿಂತವಳು ಸುಮ್ಮನಿರಬೇಕಲ್ಲ.

"ರೀ, ಅಪ್ಪನಿಗೇ ಹೇಳೋಣ. ಹೇಗೂ ಭಾನುವಾರ ಬರ್ತಾರೆ."

"ನಿಮ್ಮಪ್ಪ ಬರೋದ್ರೊಳಗೆ ಇದು ನಡೀತಿರಬೇಕು. ಅದಕ್ಕೇ ಇಷ್ಟೆಲ್ಲ."

ಅವಳು ಟಾರ್ಚನ್ನು ಬೋರ್ಡಿನಿಂದ ನನ್ನ ಮುಖಕ್ಕೆ ತಿರುಗಿಸಿ ಒಂದು ಗಳಿಗೆ ನೋಡಿದಳು. ಮತ್ತೆ ಬೋರ್ಡಿಗೆ ಹಿಡಿದಳು. ಎರಡು ಗಂಟೆ ಬೆವರು ಸುರಿಸಿ ನಾಲ್ಕೂ ಡಬ್ಬಿಗಳಿಗೆ ವೈರು ಕಟ್ಟಿದೆ. ಒಂದು ಟ್ಯೂಬ್ ಲೈಟಿಗೆ, ಎರಡು ಫ್ಯಾನಿಗೆ, ಮೂರು ಮೂಲೆಯ ದೀಪಕ್ಕೆ, ನಾಲ್ಕು ರೇಡಿಯೋಗೆ. ಮೇನ್ ಹಾಕಿದಾಗ ಏನೂ ಸಿಡಿಯಲಿಲ್ಲ, ಯಾರಿಗೂ ಶಾಕ್ ಹೊಡೆಯಲಿಲ್ಲ. ನನಗೆ ತಲೆಯ ಮೇಲೆ ಎರಡು ಕೋಡು ಮೂಡಿದವು. ಆ ಜೋರಿನಲ್ಲೇ ಮಾವನವರಿಗೆ ಫೋನು ಮಾಡಿ, ಮನೆಗೆಲ್ಲ ರಿಮೋಟು ನಾನೇ ಹಾಕಿದ್ದೇನೆ, ಅಮೋಘವಾಗಿ ನಡೆಯುತ್ತಿದೆ, ಭಾನುವಾರ ಬಂದು ನೋಡಿ ಎಂದುಬಿಟ್ಟೆ. ಆ ಕಡೆಯಿಂದ ಅವರು, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿದರು.

ಇನ್ನುಳಿದದ್ದು ಡಬ್ಬಿಗೂ ರಿಮೋಟಿಗೂ ಪರಿಚಯ ಮಾಡಿಸುವುದು. ಡಬ್ಬಿಯ ಮೇಲಿನ ಪುಟ್ಟ ಗುಂಡಿಯನ್ನು ಕೆಂಪು ದೀಪ ಮಿನುಗುವವರೆಗೆ ಒತ್ತಿ ಹಿಡಿಯಬೇಕು, ಹತ್ತು ಸೆಕೆಂಡಿನೊಳಗೆ ರಿಮೋಟಿನ ಗುಂಡಿ ಒತ್ತಬೇಕು. ಅಷ್ಟೇ. ನಾನು ಒತ್ತಿದೆ. ಮಿನುಗಿತು. ರಿಮೋಟು ಒತ್ತಿದೆ. ಏನೂ ಆಗಲಿಲ್ಲ. ನೂರು ಸಲ ಒತ್ತಿದರೂ ಅಷ್ಟೇ. ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಬಂದ ಒಡಹುಟ್ಟಿದವರು ಎಂದು ಯಾರೂ ನಂಬಲಾರರು.

ಗುರುವಾರ ನಾನು ದೋಷ ಶೋಧನೆಗೆ ಇಳಿದೆ. ತರಂಗಗಳಿಗೆ ಕಬ್ಬಿಣದ ಬೀರು ಅಡ್ಡವಾಗಿರಬಹುದು ಎಂದು ಅದನ್ನು ತಳ್ಳಿಸಿದೆ. ಫ್ರಿಜ್ಜು ಆರಿಸಿದೆ. ನಮ್ಮ ಹೈಸ್ಕೂಲಿನ ಮಗಳನ್ನು ಮೊಬೈಲಿನ ಸಮೇತ ಹಿತ್ತಲಿಗೆ ಅಟ್ಟಿದೆ. ನನ್ನವಳಿಗೆ ಬಳೆ ತೆಗೆದಿಟ್ಟು ಓಡಾಡಲು ಹೇಳಿದೆ. ರಿಮೋಟಿನ ಹಿಂಬದಿಯಲ್ಲಿ ಒಂದು ತೆಳ್ಳನೆಯ ಪಾರದರ್ಶಕ ಬಾಲ ಇಣುಕುತ್ತಿತ್ತು. ಅದು ಹೊಸ ಕಾಲದ ಆ್ಯಂಟೆನಾ ಎಂದು ಕಂಡೊಡನೆಯೇ ಗುರುತಿಸಿದ್ದೆ. ಅದನ್ನು ನೆಟ್ಟಗೆ ನೀವಿ, ಮನೆಯಲ್ಲಿ ಯಾರೂ ಅದನ್ನು ಮುಟ್ಟಕೂಡದೆಂದು ಆಜ್ಞೆ ಹೊರಡಿಸಿದೆ. ಮಗಳು ಒಂದು ಸಲ ಅದಕ್ಕೆ ಕೈ ಹಾಕಿದಾಗ ಅರ್ಧ ಗಂಟೆ ಆ್ಯಂಟೆನಾದ ಬಗ್ಗೆ ಪಾಠ ಮಾಡಿದೆ. ಅವಳು ಕೈ ಕಟ್ಟಿಕೊಂಡು ಕೇಳಿದಳು, ಮತ್ತೆ ರಿಮೋಟಿನ ತಂಟೆಗೆ ಬರಲಿಲ್ಲ.

ಶುಕ್ರವಾರದ ಹೊತ್ತಿಗೆ ನನಗೆ ಊಟ ಸೇರುತ್ತಿರಲಿಲ್ಲ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ನಾಲ್ಕನೆಯ ಸಂಖ್ಯೆಯಾದ ಮೇಲೆ ಮತ್ತೆ ಒಂದಕ್ಕೆ ಹೋದೆ. ಮಾವನವರು ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆಯುವ ದೃಶ್ಯ ಕಣ್ಣು ಮುಚ್ಚಿದರೂ ಕಾಣುತ್ತಿತ್ತು, ತೆರೆದರೂ ಕಾಣುತ್ತಿತ್ತು. ತಪ್ಪು ಓಣಿಯ ಗೋಡೆಯದೇ ಎಂಬ ತೀರ್ಮಾನಕ್ಕೆ ಬಂದು, ನಾಳೆ ಅದರಲ್ಲಿ ಒಂದು ಕಿಂಡಿ ಕೊರೆಸುತ್ತೇನೆ ಎಂದು ಘೋಷಿಸಿ ಮಲಗಿದೆ. ತಾಯಿ ಮಗಳು ಮುಖ ಮುಖ ನೋಡಿಕೊಂಡರು.

ಶನಿವಾರ ಸಂಜೆ ಪವಾಡ ನಡೆಯಿತು. ಕಿಂಡಿಗೆ ಗುರುತು ಹಾಕುವ ಮುಂಚೆ ಕೊನೆಯ ಸಲ ಎಂದುಕೊಂಡು ಸೋಫಾದಲ್ಲಿ ಕೂತು, ಪಾಠದ ಚಾಳಿಯಲ್ಲಿ "ಒಂದು" ಎಂದು ಗಟ್ಟಿಯಾಗಿ ಹೇಳಿ ಒತ್ತಿದೆ. ಟ್ಯೂಬ್ ಲೈಟು ಹತ್ತಿತು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. "ಎರಡು" ಎಂದೆ. ಫ್ಯಾನು ತಿರುಗಿತು. ಮೂರು, ನಾಲ್ಕು, ಎಲ್ಲವೂ ಹೇಳಿದ ಮಾತು ಕೇಳಿದವು. ರೇಡಿಯೋದಲ್ಲಿ ಯಾರೋ ಹವಾಮಾನ ಓದುತ್ತಿದ್ದರು. ಅಷ್ಟು ಇಂಪಾದ ಹವಾಮಾನವನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಕೂಗಿಕೊಂಡು ಓಣಿಗೆ ಓಡಿದೆ. ನನ್ನವಳು ಬೋರ್ಡಿನ ಮೇಲೆ ಧೂಳು ಒರೆಸುತ್ತಿದ್ದಳು, ಮಗಳು ಸ್ಟೂಲಿನ ಮೇಲೆ ಪುಸ್ತಕ ತೆರೆದು ಕೂತಿದ್ದಳು. ಇಬ್ಬರಿಗೂ ಬಹಳ ಸಂತೋಷವಾಯಿತು. ಮಗಳಂತೂ ನಗು ತಡೆಯಲಾಗದೆ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು.

ವೈಜ್ಞಾನಿಕ ದೃಷ್ಟಿಯ ನಾನು ಕೆಲವು ವಿಚಿತ್ರಗಳನ್ನು ಗಮನಿಸದೆ ಇರಲಿಲ್ಲ. ಗುಂಡಿ ಒತ್ತಿ ಮೂರು ಸೆಕೆಂಡಾದ ಮೇಲೆ ದೀಪ ಹತ್ತುತ್ತಿತ್ತು. ಸಂಖ್ಯೆಯನ್ನು ಬಾಯಿಬಿಟ್ಟು ಹೇಳದೆ ಒತ್ತಿದರೆ ಹತ್ತುತ್ತಲೇ ಇರಲಿಲ್ಲ. ಹೇಳುವಾಗ ಹೆಬ್ಬೆರಳಿಗೆ ಸರಿಯಾದ ಒತ್ತಡ ಬೀಳುತ್ತದೆ ಎಂಬ ಸಿದ್ಧಾಂತವನ್ನು ರಾತ್ರಿ ಊಟದ ಹೊತ್ತಿಗೆ ಮಂಡಿಸಿದೆ. ಇರಬಹುದು ಎಂದು ನನ್ನವಳು ಎರಡನೆಯ ಸಲ ಬಡಿಸಿದಳು. ಮೂರು ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಭಾನುವಾರ ಸಂಜೆ ಮಾವನವರು ಬಂದರು. ಎಂದಿನಂತೆ ಏನೇನು ಕೆಟ್ಟಿದೆ ಎಂದು ಕೇಳಲು ಬಾಯಿ ತೆರೆಯುವ ಮೊದಲೇ ಅವರನ್ನು ಕರೆದು ಹಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿದೆ. ಕಾಫಿ ತರುತ್ತೇನೆಂದು ನನ್ನವಳು ಪರದೆಯ ಆಚೆ ಹೋದಳು, ಸಕ್ಕರೆ ಹುಡುಕಿಕೊಡುತ್ತೇನೆಂದು ಮಗಳೂ ಹೋದಳು. ನಾನು ಗಂಟಲು ಸರಿಮಾಡಿಕೊಂಡು ವಿದ್ಯುತ್ಕಾಂತೀಯ ತರಂಗಗಳ ಪೂರ್ವಪೀಠಿಕೆ ಹೇಳಿ, ಒಂದರಿಂದ ನಾಲ್ಕರವರೆಗೆ ಕೂಗಿ ಕೂಗಿ ಒತ್ತಿದೆ. ಎಲ್ಲವೂ ನಡೆದವು. ಮಾವನವರು ದೀಪವನ್ನು ನೋಡಿದರು, ಫ್ಯಾನನ್ನು ನೋಡಿದರು, ಫ್ಯಾನಿನ ಗಾಳಿ ತಾಗದಿದ್ದರೂ ಅಲ್ಲಾಡುತ್ತಿದ್ದ ಪರದೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ತಡವೇಕೆ ಎಂದು ಕೇಳಿದರು. ಗೋಡೆ ದಪ್ಪ, ತರಂಗಗಳು ಅದನ್ನು ಸುತ್ತಿಕೊಂಡು ಬರಬೇಕು ಎಂದೆ. (ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುವ ತರಂಗಕ್ಕೆ ಹತ್ತಡಿ ನಡೆಯಲು ಮೂರು ಸೆಕೆಂಡು. ಇದನ್ನು ಹೇಳಿದ ಬಾಯಿಗೆ ಸರ್ಕಾರ ಸಂಬಳ ಕೊಡುತ್ತದೆ.)

ಅವರು ಕೈ ಚಾಚಿದರು. ರಿಮೋಟು ಕೊಟ್ಟೆ. ಭೂತಗನ್ನಡಿ ಕಣ್ಣಿಗೇರಿತು. ರಿಮೋಟನ್ನು ತಿರುವಿ ತಿರುವಿ ನೋಡಿ, ಬಾಲದ ಹತ್ತಿರ ನಿಲ್ಲಿಸಿದರು.

"ಇದೇನು ಅಳಿಯಂದಿರೇ?"

"ಆ್ಯಂಟೆನಾ, ಮಾವ. ಮುಟ್ಟಬೇಡಿ."

ಅವರು ಮುಟ್ಟಲಿಲ್ಲ. ರಿಮೋಟನ್ನು ಜೋಪಾನವಾಗಿ ಟೀಪಾಯಿಯ ಮೇಲಿಟ್ಟರು. ಕುರ್ಚಿಗೆ ಒರಗಿ, ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು, ನನ್ನ ದನಿಯನ್ನೇ ಅಣಕಿಸುತ್ತ "ಎರಡು" ಎಂದರು. ಫ್ಯಾನು ನಿಂತಿತು.

ನನಗೆ ರೋಮಾಂಚನವಾಯಿತು. ನೋಡಿದಿರಾ ಮಾವ, ಒತ್ತಬೇಕೆಂದೂ ಇಲ್ಲ ಎಂದು ಅರ್ಧ ಹೇಳಿ, ಉಳಿದರ್ಧವನ್ನು ನುಂಗಿಕೊಂಡೆ. ರಿಮೋಟು ಟೀಪಾಯಿಯ ಮೇಲೆಯೇ ಇತ್ತು.

"ಮೂರು," ಎಂದರು ಮಾವನವರು. "ಒಂದು. ನಾಲ್ಕು. ಒಂದು. ಎರಡು. ನಾಲ್ಕು. ಮೂರು. ಒಂದು."

ಇಡೀ ಹಾಲ್ ಹುಚ್ಚೆದ್ದು ಹೋಯಿತು. ಟ್ಯೂಬ್ ಲೈಟು ಹತ್ತಿ ಆರಿತು, ಫ್ಯಾನು ಗಿರ್ರೆಂದು ಎದ್ದಿತು, ರೇಡಿಯೋ ಅರ್ಧ ಹಾಡು ಹೇಳಿ ಬಾಯಿ ಮುಚ್ಚಿತು, ಮೂಲೆಯ ದೀಪ ಒಂದರ ಬದಲು ಎರಡು ಸಲ ಹತ್ತಿತು. ಪರದೆಯ ಆಚೆ ದಡಬಡ ಸದ್ದಾಯಿತು. ನಾಲ್ಕು ನಂದು ಅಮ್ಮಾ, ನೀನು ಒಂದು ನೋಡ್ಕೋ ಎಂದು ಮಗಳ ದನಿ ಪಿಸುಗುಟ್ಟಿತು. ಅದರ ಹಿಂದೆಯೇ ನನ್ನವಳ ದನಿ, ಪಿಸುಮಾತಲ್ಲ, ಏದುಸಿರಿನದು.

"ಅಪ್ಪಾ, ಸ್ವಲ್ಪ ನಿಧಾನ."

ಮಾವನವರು ಎದ್ದು ಹೋಗಿ ಪರದೆ ಸರಿಸಿದರು. ಬೋರ್ಡಿನ ಮುಚ್ಚಳ ತೆರೆದಿತ್ತು. ತಾಯಿ ಸ್ಟೂಲಿನ ಮೇಲೆ, ಮಗಳು ಕೆಳಗೆ, ನಾಲ್ಕು ಹೆಬ್ಬೆರಳುಗಳು ನಾಲ್ಕು ಬಿಳಿ ಡಬ್ಬಿಗಳ ಮೇಲೆ. ಆ ಪುಟ್ಟ ಗುಂಡಿಗಳನ್ನು ಒತ್ತಿ ಹಿಡಿಯದೆ ಸುಮ್ಮನೆ ತಟ್ಟಿದರೆ ದೀಪ ಹತ್ತುತ್ತದೆ, ಮತ್ತೆ ತಟ್ಟಿದರೆ ಆರುತ್ತದೆ ಎಂಬುದನ್ನು ನನ್ನವಳು ಶನಿವಾರ ಧೂಳು ಒರೆಸುವಾಗ ಕಂಡುಹಿಡಿದಿದ್ದಳು.

ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಮಾವನವರು ಟೀಪಾಯಿಯ ಮೇಲಿನ ರಿಮೋಟು ಎತ್ತಿಕೊಂಡು ಜೇಬಿನಿಂದ ಚಿಮಟ ತೆಗೆದರು, ನನ್ನ ಆ್ಯಂಟೆನಾದ ತುದಿ ಹಿಡಿದು ಸುಯ್ಯೆಂದು ಎಳೆದು ನನ್ನ ಅಂಗೈಯಲ್ಲಿಟ್ಟರು. ಅದು ಸೆಲ್ಲು ಖಾಲಿಯಾಗದಿರಲೆಂದು ಕಾರ್ಖಾನೆಯವರು ಸೆಲ್ಲಿನ ಮೇಲೆ ಸಿಕ್ಕಿಸಿದ್ದ ಪ್ಲಾಸ್ಟಿಕ್ಕಿನ ಪಟ್ಟಿ. ಹೊಸ ಕೈಗಡಿಯಾರಗಳಲ್ಲೂ ಇಂಥದ್ದು ಬರುತ್ತದಂತೆ. ಅದನ್ನು ಎಳೆದು ಬಿಸಾಡಿರಿ ಎಂಬುದು ಕೈಪಿಡಿಯ ಮೊದಲನೆಯ ಸಾಲು. ನಾನು ಮೂರನೆಯ ಪುಟದ 'ಕಾರ್ಯತತ್ವ'ದಿಂದ ಓದಲು ಶುರುಮಾಡಿದ್ದೆ. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ ಎಂದು ಪ್ರತಿ ವರ್ಷ ಮೊದಲನೆಯ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುವವನೂ ನಾನೇ.

ಮೊದಲು ನಕ್ಕದ್ದು ಮಗಳು. ಆಮೇಲೆ ಮಾವನವರು ನಕ್ಕರು. ಭೂತಗನ್ನಡಿ ಕಣ್ಣಿಂದ ಜಾರಿ ಹೊಟ್ಟೆಯ ಮೇಲೆ ಕುಣಿಯುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಮನೆಯಲ್ಲಿ ಹೀಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಾಚಿಕೆಯಿಂದ ಕಿವಿ ಕಾದಿದ್ದರೂ ನನಗೂ ನಗು ಬಂತು. ಇದನ್ನೆಲ್ಲ ಯಾಕೆ ಮಾಡಿದೆ ಎಂದು ನನ್ನವಳನ್ನು ಕೇಳಿದೆ.

"ಮೂರು ದಿನದಿಂದ ನೀವು ಸರಿಯಾಗಿ ಊಟ ಮಾಡಿರಲಿಲ್ಲ. ನೋಡೋಕಾಗಲಿಲ್ಲ," ಎಂದಳು. ಸ್ಟೂಲಿನಿಂದ ಇಳಿದು ಸೆರಗಿನಲ್ಲಿ ಹಣೆ ಒರೆಸಿಕೊಂಡಳು. "ಅಲ್ಲದೆ ಗೋಡೆ ಬೇರೆ ಕೊರೆಸ್ತೀನಿ ಅಂದ್ರಿ."

ನನ್ನ ಮಾನ ಉಳಿಸಲು ಇಬ್ಬರೂ ಎರಡು ದಿನ ಪರದೆಯ ಹಿಂದೆ ಕಾದು ನಿಂತಿದ್ದರು. ಮಾನವೇನೋ ಉಳಿಯಲಿಲ್ಲ. ಆದರೆ ಅದು ಹೋದ ದುಃಖ ನನಗೆ ಅಷ್ಟಾಗಿ ಆಗಲೂ ಇಲ್ಲ. ನನಗೆ ನಿಜವಾಗಿ ಬಹಳ ಸಂತೋಷವಾಗಿತ್ತು. ಮಾವನವರು ಬೋರ್ಡಿನೊಳಗೆ ಇಣುಕಿ, ವೈರುಗಳನ್ನು ಒಂದೊಂದಾಗಿ ಎಳೆದು ನೋಡಿ, ಕೆಲಸ ಗಟ್ಟಿಯಾಗಿದೆ, ತಪ್ಪು ತೆಗೆಯುವ ಹಾಗಿಲ್ಲ ಎಂದರು. ಆಮೇಲೆ ತಮ್ಮ ಸ್ಕ್ರೂ ಡ್ರೈವರನ್ನು ನನ್ನ ಕೈಗೆ ಕೊಟ್ಟು, ಮುಚ್ಚಳ ನೀವೇ ಹಾಕಿ ಎಂದರು. ನಾಲ್ಕು ಸ್ಕ್ರೂಗಳನ್ನು ತಿರುಗಿಸುವಷ್ಟು ಹೊತ್ತೂ ಅವರ ಎಡಗೈ ಜೇಬಿನ ಹೊರಗೇ ಇತ್ತು.

ಡಬ್ಬಿಗಳಿಗೂ ರಿಮೋಟಿಗೂ ಪರಿಚಯವಾಗಲು ಹಿಡಿದದ್ದು ಐದೇ ನಿಮಿಷ. ಅಂದಿನಿಂದ ಅದು ಬಾಯಿ ಬಿಡದೆ ಒತ್ತಿದರೂ ನಡೆಯುತ್ತದೆ, ಒಂದು ಸೆಕೆಂಡೂ ತಡವಿಲ್ಲ. ತೊಂದರೆ ಒಂದೇ, ಅದು ಇದ್ದಲ್ಲಿ ಇರುವುದಿಲ್ಲ. ಒಮ್ಮೆ ಸೋಫಾದ ಸಂದಿಯಲ್ಲಿ ಸಿಕ್ಕರೆ, ಒಮ್ಮೆ ತರಕಾರಿ ಬುಟ್ಟಿಯಲ್ಲಿ, ಒಮ್ಮೆ ಮಗಳ ಶಾಲೆಯ ಚೀಲದಲ್ಲಿ ಸಿಗುತ್ತದೆ.

ಮೊನ್ನೆ ಸಂಜೆ ನಾನು ಆರಾಮಾಗಿ ಪೇಪರು ಓದುತ್ತಿದ್ದೆ. ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ ನನ್ನವಳು ನನ್ನ ಕಡೆ ತಿರುಗದೆ "ಮೂರು" ಎಂದಳು. ನಾನು ತಕ್ಷಣ ಎದ್ದು, ಪರದೆ ಸರಿಸಿ ಓಣಿಗೆ ಹೋಗಿ, ಮೂಲೆಯ ದೀಪ ಆರಿಸಿ ಬಂದು ಕೂತೆ. ಕೂತ ಮೇಲೆ ಏನೋ ಸರಿಯಿಲ್ಲ ಎನ್ನಿಸಿತು. ಯೋಚಿಸಿ ನೋಡಿದರೆ ಇದು ಎರಡು ವಾರದಿಂದ ನಡೆದುಕೊಂಡು ಬಂದಿದೆ. ಅಷ್ಟು ಕಷ್ಟಪಟ್ಟು ರಿಮೋಟು ಹಾಕಿದ್ದು ಯಾಕೆ, ಅದನ್ನು ಒತ್ತಬಾರದೇ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

"ಅದನ್ನ ಹುಡುಕೋದಕ್ಕಿಂತ ನಿಮಗೆ ಹೇಳೋದೇ ಬೇಗ ಆಗುತ್ತೆ ರೀ," ಎಂದಳು. "ಹಾಗೇ ಎರಡೂ."

ನಾನು ಎದ್ದು ಹೋಗಿ ಫ್ಯಾನು ಹಾಕಿದೆ.