ಪಂಚಮಿಗೆ ಮುಚ್ಚಿಕೊಂಡ ಬಾಗಿಲು

ಬೇಸಿಗೆಯಲ್ಲಿ ಬಾಗಿಲು ರಿಪೇರಿ ಮಾಡಿಸಬೇಡಿ ಎಂದು ಹುಲುಗಮ್ಮ ಗಂಡನಿಗೆ ಹೇಳುತ್ತಲೇ ಬಂದಿದ್ದರು. ಆದರೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ತಲೆ ನರೆಸಿಕೊಂಡಿದ್ದ ಗಾದಿಲಿಂಗಪ್ಪನವರಿಗೆ ಯಾರ ಮಾತನ್ನೂ ಪೂರ್ತಿ ಕೇಳುವ ಅಭ್ಯಾಸವಿರಲಿಲ್ಲ. ಅರ್ಧ ಕೇಳಿ ಸೀಟಿ ಊದಿಬಿಡುವ ಕೆಲಸ ಅವರದು. ರಿಟೈರಾದ ಮೇಲೂ ಹೆಂಡತಿ ಬಾಯಿ ತೆರೆದರೆ, "ಆತಾತು, ಬಂದ್ ಕೇಳ್ತೀನಿ" ಎಂದು ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಹೊರಟುಬಿಡುತ್ತಿದ್ದರು. (ಅಲ್ಲಿ ಅವರಿಗೇನೂ ಕೆಲಸವಿರಲಿಲ್ಲ. ಆದರೂ ಬಸ್ಸುಗಳು ಬರುತ್ತಿವೆಯೋ ಇಲ್ಲವೋ ಯಾರಾದರೂ ನೋಡಬೇಕಲ್ಲ.)

ಹಗರಿಬೊಮ್ಮನಹಳ್ಳಿಯ ಅಂಚಿನಲ್ಲಿ ಅವರು ಮನೆ ಕಟ್ಟಿಸಿದ್ದು ಅಪ್ಪಟ ಎರೆಭೂಮಿಯಲ್ಲಿ. ಕೆಳಗೆ ಗಟ್ಟಿ ಗರಸು ನೆಲ ಸಿಗುವ ತನಕ ಬುನಾದಿ ತೆಗೆಸಿ ಎಂದು ಗೌಂಡಿ ಹೇಳಿದಾಗಲೂ ಸೀಟಿ ಊದಿದ್ದರು. ಎರೆಮಣ್ಣು ಅದನ್ನು ಮರೆಯಲಿಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ಮನೆಯನ್ನು ಒಂದು ಮೂಲೆಯಲ್ಲಿ ಎತ್ತುತ್ತಿತ್ತು, ಬೇಸಿಗೆಯಲ್ಲಿ ಬಿರಿದು ಮತ್ತೆ ಇಳಿಸುತ್ತಿತ್ತು. ಪಾಯಖಾನೆಯ ಗುಂಡಿಯಲ್ಲಿ ನೀರು ಇಂಗದೆ, ಶ್ರಾವಣ ಬಂದರೆ ಮನೆಮಂದಿಯೆಲ್ಲ ಹೊಟ್ಟೆಯನ್ನು ಅಂಕೆಯಲ್ಲಿಟ್ಟುಕೊಳ್ಳಬೇಕಾಗಿತ್ತು. ಹುಲುಗಮ್ಮ ತವರೂರು ಮಾಗಳದಿಂದ ತಂದು ನೆಟ್ಟ ಮಲ್ಲಿಗೆ ಬೇರು ಕೊಳೆತು ಸತ್ತಿತು. ಎರಡನೆಯ ಬಳ್ಳಿಯನ್ನು ಅವರು ಅಲ್ಲಿನ ಮಣ್ಣಿನ ಸಮೇತ ಗೊಬ್ಬರದ ಚೀಲದಲ್ಲಿ ತಂದು, ಚೀಲದಲ್ಲೇ ಬೆಳೆಸಿದರು.

ಬಾಗಿಲುಗಳದು ದೊಡ್ಡ ಪುರಾಣ. ಮಗಳು ಮಾಲಾಳನ್ನು ನೋಡಲು ಚಿಗಟೇರಿಯಿಂದ ಗಂಡಿನವರು ಬರುತ್ತಾರೆಂದಾಗ ಸುಡುಬೇಸಿಗೆ. ಕದಕ್ಕೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದಿ. ಗಾದಿಲಿಂಗಪ್ಪನವರು ಅದಕ್ಕೆ ಕಟ್ಟಿಗೆಯ ಪಟ್ಟಿ ಬಡಿಸಿ, ಬೀಗರೆದುರು ಬಾಗಿಲನ್ನು ಠಪ್ಪೆಂದು ಹಾಕಿ ತೆಗೆದು, "ನೋಡ್ರಿ, ಗಟ್ಟಿ ಮನಿ" ಎಂದರು. ಬೀಗರೂ ತಮ್ಮ ಮನೆಗೆ ಇವರನ್ನು ಕರೆದಾಗ ಹಾಗೇ ಹಾಕಿ ತೆಗೆದು ತೋರಿಸಿದರು. ಮದುವೆ ಸಾಂಗವಾಗಿ ನಡೆಯಿತು.

ಈಗ ಪಂಚಮಿ. ಮಾಲಾ ಗಂಡನೊಂದಿಗೆ ಮೊದಲ ಸಲ ಹಬ್ಬಕ್ಕೆ ಬರುವವಳಿದ್ದಳು. ಮೂರು ದಿನದಿಂದ ಜಡಿಮಳೆ. ಅವರಿಗೆಂದು ಸಜ್ಜು ಮಾಡಿದ ಕೋಣೆಯ ಬಾಗಿಲು, ಬೇಸಿಗೆಯಲ್ಲಿ ಪಟ್ಟಿ ಬಡಿಸಿಕೊಂಡಿದ್ದು, ಈಗ ಚೌಕಟ್ಟಿಗೆ ಹಿಡಿಸದೆ ಅರ್ಧಕ್ಕೇ ನಿಂತುಬಿಟ್ಟಿತ್ತು.

"ಹೊಸಾ ಜೋಡಿಗೆ ಬಾಗ್ಲ ಮುಚ್ಚದ ಕ್ವಾಣಿ ಕೊಡಾಕ ಆಗ್ತೈತೇನ್ರಿ? ಅಳಿಯಂದ್ರು ಏನಂದ್ಕಂತಾರ?"

"ಮುಚ್ಚಂಗ ಮಾಡ್ತೀನಿ, ಸರಿ ಅತ್ಲಾಗ."

ಗಾದಿಲಿಂಗಪ್ಪನವರು ಒಳಗೆ ಹೋಗಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿಬಂದು ಭುಜ ಕೊಟ್ಟರು. ಬಾಗಿಲು ಮುಚ್ಚಿತು. ಎಷ್ಟು ಚೆನ್ನಾಗಿ ಮುಚ್ಚಿತೆಂದರೆ, ಆಮೇಲೆ ತೆರೆಯಲಿಲ್ಲ.

"ಮುಚ್ಚಿತಿಲ್ಲ?" ಎಂದಿತು ಒಳಗಿನ ಹೆಮ್ಮೆಯ ದನಿ. ತುಸು ಹೊತ್ತಿನ ಮೇಲೆ ಅದೇ ದನಿ ಸಣ್ಣದಾಗಿ, "ಹುಲುಗಿ, ಆ ಕಡಿಂದ ಒಂಚೂರು ದೂಡು" ಎಂದಿತು.

ಹುಲುಗಮ್ಮ ದೂಡಿದರು, ಒದ್ದರು. "ಯಾರನ್ನಾರ ಕರೀಲೇನ್ರಿ?"

"ಬ್ಯಾಡ, ಊರು ನಗ್ತೈತಿ."

ಹುಲುಗಮ್ಮ ಶೇಂಗಾ ಉಂಡಿಯ ಬೋಗುಣಿ ತಂದು ಬಾಗಿಲಿಗೆ ಒರಗಿ ಕೂತರು. ಉಂಡಿ ಕಟ್ಟುತ್ತ ಮಾತಿಗೆ ತೊಡಗಿದರು. ಗಾದಿಲಿಂಗಪ್ಪನವರು ಕಾಲಿನಿಂದ ಚಪ್ಪಲಿ ಹುಡುಕಿದರು. ಚಪ್ಪಲಿ ಹೊರಗಿತ್ತು.

"ಮಾಲಾ ಹೋದ ಮ್ಯಾಲ ಮನ್ಯಾಗ ನನ್ನ ಕೈಬಳಿ ಸಪ್ಪಳ ಒಂದ ರೀ. ನೀವು ರಿಟೈರಾದ್ರ ಕೂಡಿ ಚಾ ಕುಡಿಯಾಕ ಆಗ್ತೈತಿ ಅಂದ್ಕಂಡಿದ್ದೆ. ನೀವು ಬಸ್ ಸ್ಟ್ಯಾಂಡಿಗೆ ಹೊಕ್ಕೀರಿ. ನಾನು ಚೀಲದಾಗಿನ ಮಲ್ಲಿಗಿ ಕೂಡ ಮಾತಾಡ್ತೀನಿ."

ಒಳಗೆ ಗಾದಿಲಿಂಗಪ್ಪನವರು ಬಾಗಿಲ ಬುಡದಲ್ಲೇ ನೆಲಕ್ಕೆ ಕೂತರು. ಇಷ್ಟು ಮಾತು ಅವಳಲ್ಲಿ ಎಲ್ಲಿತ್ತು? ತಾನು ಹತ್ತಿಸಿಕೊಳ್ಳದೆ ಬಿಟ್ಟುಬಂದ ಪ್ಯಾಸೆಂಜರು ಮನೆಯಲ್ಲೇ ಇದ್ದಳಲ್ಲ ಎಂದು ಸಂಕಟವಾಯಿತು.

"ಇನ್ಮ್ಯಾಲ ಹೋಗಂಗಿಲ್ಲ ಬಿಡು" ಎಂದರು.

"ಈಗಂತೂ ಹೋಗಂಗಿಲ್ಲ" ಎಂದು ಹುಲುಗಮ್ಮ ನಕ್ಕರು. ಆಮೇಲೆ ಇಬ್ಬರೂ ಬಾಗಿಲ ಆಚೆ ಈಚೆ ಬೆನ್ನು ಒರಗಿಸಿಕೊಂಡು ಮಾಲಾ ಹುಟ್ಟಿದಾಗಿನ ಮಾತು ತೆಗೆದರು. ಮಗಳು ಅಳಿಯ ಬಂದು ನಿಂತದ್ದು ಇಬ್ಬರಿಗೂ ಗೊತ್ತೇ ಆಗಲಿಲ್ಲ.

ಅಳಿಯ ಕ್ರಾಂತಿಕುಮಾರ್ ಬಾಗಿಲನ್ನು ನೋಡಿದ, ಅತ್ತೆಯನ್ನು ನೋಡಿದ, ಬ್ಯಾಗು ಕೆಳಗಿಟ್ಟ.

"ಅತ್ತೆ, ಹಾರೆ ಎಲ್ಲೈತ್ರಿ?"

ಹಾರೆಯ ತುದಿಯನ್ನು ಕದದ ಅಡಿಗೆ ಕೊಟ್ಟು ಎತ್ತಿ, ಕೆಳಮೂಲೆಗೆ ಒಂದು ಒದೆ ಕೊಟ್ಟ. ಬಾಗಿಲು ತೆರೆದು ಮಾವ ಪ್ರತ್ಯಕ್ಷರಾದರು.

"ನಾಚ್ಕಬೇಡ್ರಿ ಮಾವಾರೆ. ನಮ್ಮದೂ ಎರೆ ಹೊಲದಾಗಿನ ಮನೆನೇ. ಅಡುಗೆಮನೆ ಬಾಗ್ಲು ದೀಪಾವಳಿ ತನಕ ಹಿಂಗೇ. ಅದಕ್ಕೇ ನಮ್ಮಪ್ಪನೂ ನಿಮ್ಮನ್ನ ಬೇಸಿಗೇಲೇ ಕರೆಸಿದ್ದು. ಉಳಿ ಕೊಡ್ರಿ, ಮೂಲೆ ಹೆರೆದು ಸರಿಮಾಡ್ತೀನಿ."

"ಬ್ಯಾಡ್ರಿ" ಎಂದರು ಹುಲುಗಮ್ಮ, ಥಟ್ಟನೆ. "ನೀವಿಬ್ರೂ ನಮ್ಮ ಕ್ವಾಣ್ಯಾಗ ಮಲಗ್ರಿ, ಅದರ ಬಾಗ್ಲ ಛಲೋ ಐತಿ. ಇದು ಹಿಂಗ ಇರ್ಲಿ."

ಹಬ್ಬ ಮುಗಿಸಿ ಮಕ್ಕಳು ಚಿಗಟೇರಿಗೆ ಹೋದ ಮರುದಿನ ಬೆಳಿಗ್ಗೆ ಗಾದಿಲಿಂಗಪ್ಪನವರ ಕಾಲು, ಹಳೆಯ ರೂಢಿಯಂತೆ, ತಾನಾಗಿಯೇ ಚಪ್ಪಲಿಗೆ ಹೋಯಿತು. ಹುಲುಗಮ್ಮ ಅಡುಗೆಮನೆಯಿಂದ ಎರಡು ಲೋಟ ಚಹಾ ಹಿಡಿದು ಬಂದರು. ಒಂದನ್ನು ಅವರ ಕೈಗೆ ಕೊಟ್ಟರು.

"ರೀ, ಒಂಚೂರು ಮಾತಾಡೋದೈತಿ. ಒಳಗ ಹೋಗ್ರಿ."

ಗಾದಿಲಿಂಗಪ್ಪನವರು ಚಪ್ಪಲಿ ಬಿಟ್ಟರು. ಚಹಾ ಚೆಲ್ಲದಂತೆ ಕೋಣೆಯ ಒಳಗೆ ಹೋಗಿ, ಲೋಟ ಕೆಳಗಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿಬಂದು ಭುಜ ಕೊಟ್ಟರು.

"ಹೂಂ, ಹೇಳು" ಎಂದರು ಒಳಗಿನಿಂದ.